ಎದೆನೋವೆಲ್ಲ ಹಾರ್ಟ್ ಅಟ್ಯಾಕ್ ಅಲ್ಲ: ಮಹಾಪಧಮನಿ ಸೀಳಿದಾಗ ಏನಾಗುತ್ತದೆ?

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆಯಿಂದ ಬಂದ ಸುದ್ದಿ ಎಲ್ಲರನ್ನೂ ಹೆದರಿಸಿತ್ತು. ನಡುವಯಸ್ಸಿನವರು, ಕೆಲವರು ಇನ್ನೂ ಚಿಕ್ಕವರು, ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡರು. ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ ಒಂದೇ ಮಾತು: ಹಾರ್ಟ್ ಅಟ್ಯಾಕ್. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯುತ್ತಾ ಹೋಯಿತು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತೂ ಹಬ್ಬಿತು.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರು ಜುಲೈನಲ್ಲಿ ವರದಿ ಕೊಟ್ಟರು. ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲ. ಹಾಸನದ 24 ಸಾವುಗಳನ್ನು ಒಂದೊಂದಾಗಿ ನೋಡಿದಾಗ 4 ಸಾವುಗಳಿಗೆ ಹೃದಯ ಕಾರಣವೇ ಅಲ್ಲ ಎಂದು ತಿಳಿಯಿತು. ಉಳಿದ 20ರಲ್ಲೂ ಅರ್ಧದಷ್ಟಕ್ಕೆ ಮಾತ್ರ ಖಚಿತ ಆಧಾರವಿತ್ತು. ಮಿಕ್ಕವು 'ಹೃದಯದ ಕಾಯಿಲೆ ಇದ್ದಿರಬಹುದು' ಎಂಬ ಪಟ್ಟಿಗೆ ಹೋದವು. ಅದೇ ಹೊತ್ತಿಗೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಒಂದು ತೀರ್ಮಾನ ಪ್ರಕಟಿಸಿದರು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ತಿಳಿಸಬೇಕು, ಅಂಥ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ.

ಇಲ್ಲಿ ಅನೇಕರಿಗೆ ಗೊಂದಲವಾಯಿತು. ಹಾರ್ಟ್ ಅಟ್ಯಾಕ್ ಅಂತ ಗೊತ್ತಾದ ಮೇಲೆ ಹೆಣ ಕೊಯ್ಯುವುದು ಯಾಕೆ?

ಗೊತ್ತಾಗಿಲ್ಲ ಅನ್ನುವುದೇ ಇದಕ್ಕೆ ಉತ್ತರ. 'ಎದೆ ಹಿಡಿದುಕೊಂಡು ಕುಸಿದರು' ಅನ್ನುವುದು ಕಣ್ಣಿಗೆ ಕಂಡ ಸಂಗತಿ. ಸಾವಿನ ಕಾರಣ ಅದರಿಂದ ತಿಳಿಯುವುದಿಲ್ಲ. ಹೃದಯದ ರಕ್ತನಾಳ ಮುಚ್ಚಿರಬಹುದು. ಹೃದಯದ ಬಡಿತ ದಾರಿ ತಪ್ಪಿರಬಹುದು. ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿ ಸಿಕ್ಕಿಕೊಂಡಿರಬಹುದು. ಅಥವಾ ಮಹಾಪಧಮನಿ ಸೀಳಿರಬಹುದು. ಈ ಲೇಖನ ಆ ಕೊನೆಯ ಕಾರಣದ ಬಗ್ಗೆ. ಇದು ಅಪರೂಪದ ಕಾಯಿಲೆ ನಿಜ. ಆದರೆ ಹಾರ್ಟ್ ಅಟ್ಯಾಕ್‌ನಲ್ಲಿ ಜೀವ ಉಳಿಸುವ ಔಷಧಿಯೇ ಇದರಲ್ಲಿ ಜೀವ ತೆಗೆಯಬಹುದು. ಅದಕ್ಕೇ ಇದನ್ನು ಬೇರೆಯಾಗಿ ಗುರುತಿಸಲೇಬೇಕು.

ಲೈನಿಂಗ್ ಹರಿದ ಕೋಟು

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳ ಮಹಾಪಧಮನಿ. ಡಾಕ್ಟರುಗಳು ಅಯೋರ್ಟಾ ಎನ್ನುತ್ತಾರೆ. ಅಗಲ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಮೊದಲು ಮೇಲಕ್ಕೆ ಏರುತ್ತದೆ, ಕೊಡೆಯ ಹಿಡಿಯ ಹಾಗೆ ಬಾಗುತ್ತದೆ, ಬೆನ್ನುಮೂಳೆಯ ಪಕ್ಕದಲ್ಲೇ ಕೆಳಗಿಳಿದು ಹೊಕ್ಕುಳಿನ ಮಟ್ಟದಲ್ಲಿ ಎರಡು ಕಾಲುಗಳ ಕಡೆಗೆ ಕವಲಾಗುತ್ತದೆ. ದಾರಿಯುದ್ದಕ್ಕೂ ಹೃದಯಕ್ಕೆ, ಮೆದುಳಿಗೆ, ಕೈಗಳಿಗೆ, ಬೆನ್ನುಹುರಿಗೆ, ಕರುಳಿಗೆ, ಕಿಡ್ನಿಗೆ ಕೊಂಬೆಗಳನ್ನು ಕೊಡುತ್ತಾ ಹೋಗುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹೃದಯ ರಕ್ತವನ್ನು ಇದರೊಳಗೆ ಚಿಮ್ಮಿಸುತ್ತದೆ.

ಇದರ ಗೋಡೆಗೆ ಮೂರು ಪದರ. ಒಳಗಿನದು ತೆಳ್ಳಗೆ, ನುಣುಪು. ನಡುವಿನದು ದಪ್ಪ, ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಹೊರಗಿನದು ಗಟ್ಟಿ ಹೊದಿಕೆ. ವರ್ಷಗಟ್ಟಲೆ ಬಿ.ಪಿ. ಜಾಸ್ತಿ ಇದ್ದರೆ, ಅಥವಾ ಹುಟ್ಟಿನಿಂದಲೇ ನಡುಪದರದ ನಾರು ದುರ್ಬಲವಾಗಿದ್ದರೆ, ಒಂದು ದಿನ ಒಳಪದರದಲ್ಲಿ ಸೀಳು ಬೀಳುತ್ತದೆ.

ಲೈನಿಂಗ್ ಹರಿದ ಕೋಟನ್ನು ಆತುರದಲ್ಲಿ ಹಾಕಿಕೊಳ್ಳುವುದನ್ನು ನೆನೆಸಿಕೊಳ್ಳಿ. ಕೈ ತೋಳಿನೊಳಗೆ ಹೋಗುವ ಬದಲು ಲೈನಿಂಗಿಗೂ ಬಟ್ಟೆಗೂ ನಡುವೆ ನುಗ್ಗುತ್ತದೆ. ತಳ್ಳಿದಷ್ಟೂ ಲೈನಿಂಗ್ ಇನ್ನಷ್ಟು ಬಿಟ್ಟುಕೊಳ್ಳುತ್ತದೆ. ಮಹಾಪಧಮನಿಯಲ್ಲಿ ಆಗುವುದೂ ಇದೇ. ರಕ್ತ ಸೀಳಿನೊಳಗೆ ನುಗ್ಗಿ, ಪದರಗಳನ್ನು ಬಿಡಿಸುತ್ತಾ, ತನ್ನದೇ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಈಗ ಒಂದು ನಾಳದೊಳಗೆ ಎರಡು ನಾಳ: ಒಂದು ಅಸಲಿ, ಇನ್ನೊಂದು ಸುಳ್ಳು. ಪ್ರತಿ ಬಡಿತಕ್ಕೂ ಸುಳ್ಳು ದಾರಿ ಇನ್ನಷ್ಟು ಉದ್ದವಾಗಬಹುದು.

ಆಮೇಲಿನ ಅಪಾಯ ಮೂರು ಥರ. ಸುಳ್ಳು ದಾರಿಯ ಹೊರಗೋಡೆ ತೆಳ್ಳಗಿರುವುದರಿಂದ ಅದು ಒಡೆದು, ಹೃದಯದ ಸುತ್ತಲಿನ ಚೀಲದೊಳಗೆ ರಕ್ತ ತುಂಬಬಹುದು. ಆಗ ಹೃದಯಕ್ಕೆ ಹಿಗ್ಗಲು ಜಾಗವೇ ಇಲ್ಲದೆ ನಿಮಿಷಗಳಲ್ಲಿ ಸಾವು. ಎರಡನೆಯದು, ಉಬ್ಬಿದ ಸುಳ್ಳು ದಾರಿ ಕೊಂಬೆಗಳ ಬಾಯಿ ಮುಚ್ಚಬಹುದು. ಮೆದುಳಿನ ಕೊಂಬೆ ಮುಚ್ಚಿದರೆ ಲಕ್ವ, ಕಾಲಿನದು ಮುಚ್ಚಿದರೆ ಕಾಲು ತಣ್ಣಗೆ, ಹೃದಯದ್ದೇ ಮುಚ್ಚಿದರೆ ಪಕ್ಕಾ ಹಾರ್ಟ್ ಅಟ್ಯಾಕ್. ಮೂರನೆಯದು, ಸೀಳು ಹೃದಯದ ಬಾಗಿಲಿನವರೆಗೆ ಹಿಂದಕ್ಕೆ ಬಂದರೆ ಕವಾಟ ಸೋರತೊಡಗುತ್ತದೆ.

ಒಂದೇ ರೋಗಕ್ಕೆ ಹತ್ತು ವೇಷ

ಈಗ ಗೊತ್ತಾಗುತ್ತದೆ, ಈ ರೋಗ ಡಾಕ್ಟರುಗಳನ್ನೂ ಯಾಕೆ ದಾರಿ ತಪ್ಪಿಸುತ್ತದೆ ಎಂದು. ಯಾವ ಕೊಂಬೆಗೆ ಪೆಟ್ಟು ಬಿತ್ತೋ ಆ ಅಂಗದ ಕಾಯಿಲೆಯಂತೆ ಕಾಣುತ್ತದೆ. ಒಬ್ಬರು ಲಕ್ವ ಎಂದು ಬರುತ್ತಾರೆ, ಇನ್ನೊಬ್ಬರು ಕಿಡ್ನಿ ಕಲ್ಲಿನ ನೋವು ಎಂದು. ಕೆಲವರು ಎಚ್ಚರ ತಪ್ಪಿ ಬಿದ್ದಿರುತ್ತಾರೆ ಅಷ್ಟೇ, ನೋವಿನ ಮಾತೇ ಇಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬಾಯಿಗೆ ಬರುವ ಹೆಸರು ಗ್ಯಾಸ್ಟ್ರಿಕ್. ಒಂದು ಸೋಡಾ, ಒಂದು ಮಾತ್ರೆ, ಸ್ವಲ್ಪ ಹೊತ್ತು ಮಲಗಿ ನೋಡೋಣ ಎನ್ನುವಷ್ಟರಲ್ಲಿ ಅಮೂಲ್ಯವಾದ ಗಂಟೆಗಳು ಕಳೆದಿರುತ್ತವೆ.

ಆದರೂ ಒಂದು ಸುಳಿವು ಹೆಚ್ಚಿನವರಲ್ಲಿ ಇರುತ್ತದೆ. ಅದು ನೋವು ಶುರುವಾಗುವ ರೀತಿ. ಹಾರ್ಟ್ ಅಟ್ಯಾಕ್ ನೋವು ಸಾಮಾನ್ಯವಾಗಿ ಭಾರ ಇಟ್ಟ ಹಾಗೆ, ಹಿಂಡಿದ ಹಾಗೆ ಶುರುವಾಗಿ ನಿಮಿಷಗಳಲ್ಲಿ ಏರುತ್ತಾ ಹೋಗುತ್ತದೆ. ಮಹಾಪಧಮನಿ ಸೀಳಿದ ನೋವಿಗೆ ಏರುವ ಹಂತವೇ ಇಲ್ಲ. ಮೊದಲ ಕ್ಷಣದಲ್ಲೇ ಚೂರಿ ಇರಿದ ಹಾಗೆ, ತುತ್ತತುದಿಯ ನೋವು. ಅನೇಕರು ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಬಲ್ಲರು. ನೋವು ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಸರಿಯಬಹುದು, ಸೀಳು ಹೋದ ದಾರಿಯಲ್ಲೇ.

ಈ ಕಾಯಿಲೆಗೆಂದೇ 1996ರಲ್ಲಿ ಶುರುವಾದ ಅಂತರರಾಷ್ಟ್ರೀಯ ದಾಖಲೆಯೊಂದಿದೆ. ಅದರ ಮೊದಲ 464 ರೋಗಿಗಳ ವಿವರ 2000ದಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 85ರಷ್ಟು ಜನರಿಗೆ ನೋವು ಇದ್ದಕ್ಕಿದ್ದಂತೆ ಶುರುವಾಗಿತ್ತು. ಶೇ 72ರಷ್ಟು ಜನರಿಗೆ ಮೊದಲೇ ಬಿ.ಪಿ. ಇತ್ತು. ಹಾಗಾಗಿ ಎದೆನೋವಿನ ರೋಗಿಗೆ ಕೇಳಬೇಕಾದ ಮೊದಲ ಪ್ರಶ್ನೆ 'ಎಲ್ಲಿ ನೋವು' ಅಲ್ಲ, 'ಹೇಗೆ ಶುರುವಾಯ್ತು' ಎಂದು ನಾನು ನಂಬುತ್ತೇನೆ. ಮನೆಯವರೂ ಇದನ್ನು ನೆನಪಿಟ್ಟುಕೊಂಡು ಡಾಕ್ಟರಿಗೆ ತಾವಾಗಿಯೇ ಹೇಳಬೇಕು.

ಹೃದಯ ಜ್ಯೋತಿ ಮತ್ತು ಒಂದು ಸಣ್ಣ ಅಪಾಯ

ಈಗ ನಮ್ಮ ರಾಜ್ಯದ ವ್ಯವಸ್ಥೆಗೆ ಬರೋಣ. ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೇ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಕೆಲವೇ ನಿಮಿಷಗಳಲ್ಲಿ ಅದನ್ನು ಓದಿ ಹೇಳುತ್ತಾರೆ. ದೊಡ್ಡ ಹಾರ್ಟ್ ಅಟ್ಯಾಕ್ ಎಂದಾದರೆ ಟೆನೆಕ್ಟೆಪ್ಲೇಸ್ ಎಂಬ, ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ದೊಡ್ಡ ಊರಿಗೆ ಓಡುವಷ್ಟರಲ್ಲಿ ಹೃದಯದ ಸ್ನಾಯು ಸತ್ತುಹೋಗುತ್ತಿದ್ದ ಎಷ್ಟೋ ಜನರಿಗೆ ಇದು ನಿಜಕ್ಕೂ ವರ. ಈ ಯೋಜನೆ ಇನ್ನಷ್ಟು ಬೆಳೆಯಬೇಕು.

ಆದರೆ ಇಸಿಜಿ ಒಂದನ್ನೇ ನಂಬಿದರೆ ಒಂದು ಕಡೆ ಎಡವಬಹುದು. ಮಹಾಪಧಮನಿಯ ಸೀಳು ಹಿಂದಕ್ಕೆ ಬಂದು ಹೃದಯದ ಬಲಗಡೆಯ ರಕ್ತನಾಳದ ಬಾಯಿ ಮುಚ್ಚಿದರೆ, ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್‌ನ ಗುರುತೇ ಮೂಡುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಎಂಬ ಪ್ರೋಟೀನ್ ಕೂಡ ಏರುತ್ತದೆ. ಯಂತ್ರ ಹೇಳಿದ್ದು ತಪ್ಪಲ್ಲ, ಆದರೆ ಅದು ಹೇಳಿದ್ದು ಅರ್ಧ ಕತೆ. ಈ ರೋಗಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ, ಸೀಳಿದ ಗೋಡೆಯಿಂದ ಸೋರುವ ರಕ್ತವನ್ನು ತಡೆದಿದ್ದ ಹೆಪ್ಪೂ ಕರಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು ಮೊದಲ ಸಲದ ದೊಡ್ಡ ಪ್ರಮಾಣದಲ್ಲಿ ಕೊಟ್ಟಿದ್ದರೂ ಆಮೇಲೆ ಆಪರೇಷನ್ ಮಾಡುವ ಸರ್ಜನ್ನಿಗೆ ರಕ್ತ ನಿಲ್ಲಿಸುವುದೇ ಕಷ್ಟ.

ಇದರ ವಿರುದ್ಧದ ತಪ್ಪೂ ಆಗುತ್ತದೆ. ಆ 464 ಜನರಲ್ಲಿ ಸುಮಾರು ಮೂವರಲ್ಲಿ ಒಬ್ಬರ ಇಸಿಜಿ ಪೂರ್ತಿ ನಾರ್ಮಲ್ ಇತ್ತು. ಎಂಟರಲ್ಲಿ ಒಬ್ಬರ ಎದೆಯ ಎಕ್ಸ್‌ರೇಯಲ್ಲೂ ಏನೂ ಕಂಡಿರಲಿಲ್ಲ. 'ಇಸಿಜಿ ನಾರ್ಮಲ್ ಇದೆ, ಹೆದರಬೇಡಿ' ಎಂದು ಮನೆಗೆ ಕಳಿಸಿದರೆ ಅದೂ ಅಪಾಯವೇ.

ಅಮೆರಿಕದ ಜನಪ್ರಿಯ ನಟ ಜಾನ್ ರಿಟರ್ 2003ರ ಸೆಪ್ಟೆಂಬರ್ 11ರಂದು ಚಿತ್ರೀಕರಣದ ನಡುವೆ ಅಸ್ವಸ್ಥರಾದರು. ಹಾರ್ಟ್ ಅಟ್ಯಾಕ್ ಎಂದುಕೊಂಡು ಚಿಕಿತ್ಸೆ ನಡೆಯಿತು. ಸೀಳಿದ್ದು ಮಹಾಪಧಮನಿ. ಅದೇ ರಾತ್ರಿ ತೀರಿಕೊಂಡರು, 54 ವರ್ಷಕ್ಕೆ. ಕುಟುಂಬ ಕೋರ್ಟಿಗೆ ಹೋಯಿತು. 2008ರಲ್ಲಿ ತೀರ್ಪುಗಾರರು ವೈದ್ಯರದ್ದು ತಪ್ಪಿಲ್ಲ ಎಂದರು. ತಿಳಿದವರ ಕೈಯಲ್ಲೂ, ಸೌಕರ್ಯವಿದ್ದ ಕಡೆಯೂ ಈ ರೋಗ ಹೀಗೆ ತಪ್ಪಿಸಿಕೊಳ್ಳುತ್ತದೆ ಎನ್ನುವುದಕ್ಕೆ ಈ ಪ್ರಕರಣವನ್ನು ಇಂದಿಗೂ ನೆನೆಯುತ್ತಾರೆ.

ಎಲ್ಲರಿಗೂ ಸಿ.ಟಿ. ಮಾಡಿದರಾಯ್ತು, ಅಲ್ವಾ?

ಖಚಿತವಾಗಿ ಹೇಳುವ ಪರೀಕ್ಷೆ ಇದೆ. ಕೈಯ ನರಕ್ಕೆ ಬಣ್ಣದ ದ್ರವ ಚುಚ್ಚಿ ಸಿ.ಟಿ. ಆಂಜಿಯೋ ತೆಗೆದರೆ ಸೀಳು ತಪ್ಪಿಸಿಕೊಳ್ಳುವುದು ತೀರಾ ಅಪರೂಪ. ದುಂಡಗೆ ಬೆಳ್ಳಗೆ ಕಾಣಬೇಕಾದ ಮಹಾಪಧಮನಿಯ ನಡುವೆ ಒಂದು ತೆಳ್ಳನೆಯ ಕಪ್ಪು ಗೆರೆ ಎಳೆದಿರುತ್ತದೆ. ಆ ಗೆರೆಯೇ ಬಿಟ್ಟುಕೊಂಡ ಒಳಪದರ. ಒಂದು ಕಡೆ ಅಸಲಿ ದಾರಿ, ಇನ್ನೊಂದು ಕಡೆ ಸುಳ್ಳು.

ಹಾಗಿದ್ದರೆ ಎದೆನೋವು ಎಂದು ಬಂದ ಎಲ್ಲರಿಗೂ ಇದನ್ನು ಮಾಡಬಾರದೇಕೆ? ಇಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯ. ಒಂದು ಸಣ್ಣ ಅನುಮಾನ ಬಂದರೂ ಸಿ.ಟಿ. ಮಾಡಿಬಿಡಿ, ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ ಎನ್ನುವವರು ಒಂದು ಕಡೆ. ಇನ್ನೊಂದು ಕಡೆಯವರ ಮಾತಿನಲ್ಲೂ ತೂಕವಿದೆ. ಎದೆನೋವಿನಿಂದ ಬರುವ ನೂರಾರು ಜನರಲ್ಲಿ ಒಬ್ಬರಿಗೆ ಮಾತ್ರ ಈ ಕಾಯಿಲೆ ಇರುತ್ತದೆ. ಉಳಿದವರಿಗೆಲ್ಲ ಸುಮ್ನೆ ವಿಕಿರಣ, ಖರ್ಚು, ಕಿಡ್ನಿ ದುರ್ಬಲ ಇದ್ದವರಿಗೆ ಆ ಬಣ್ಣದ ದ್ರವದ ತೊಂದರೆ. ಅದಕ್ಕಿಂತ ಮುಖ್ಯ, ನಿಜವಾದ ಹಾರ್ಟ್ ಅಟ್ಯಾಕ್ ಆದವರಿಗೆ ಸ್ಕ್ಯಾನಿಗಾಗಿ ಕಾಯುವ ಒಂದೊಂದು ನಿಮಿಷವೂ ನಷ್ಟ. ಜೊತೆಗೆ, ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿ.ಟಿ. ಯಂತ್ರವೇ ಇರುವುದಿಲ್ಲ.

ನಡುದಾರಿಯೊಂದನ್ನು ಸಂಶೋಧಕರು ಕಂಡುಕೊಂಡಿದ್ದಾರೆ. ಮೂರು ಪ್ರಶ್ನೆ, ಪ್ರತಿಯೊಂದಕ್ಕೂ ಒಂದು ಅಂಕ. ಮೊದಲನೆಯದು ಹಿನ್ನೆಲೆ: ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ, ಮಹಾಪಧಮನಿ ಉಬ್ಬಿದೆ ಎಂದು ಮೊದಲೇ ಗೊತ್ತಿತ್ತೇ? ಎರಡನೆಯದು ನೋವು: ಇದ್ದಕ್ಕಿದ್ದಂತೆ ಬಂತೇ, ತೀವ್ರವಾಗಿತ್ತೇ, ಹರಿದಂತೆ ಇತ್ತೇ? ಮೂರನೆಯದು ಪರೀಕ್ಷೆ: ಎರಡು ಕೈಗಳ ನಾಡಿಯಲ್ಲಿ, ಬಿ.ಪಿ.ಯಲ್ಲಿ ವ್ಯತ್ಯಾಸ ಇದೆಯೇ, ನೋವಿನ ಜೊತೆ ಕೈಕಾಲು ಸ್ವಾಧೀನ ತಪ್ಪಿದೆಯೇ, ಕವಾಟ ಸೋರುವ ಶಬ್ದ ಕೇಳುತ್ತಿದೆಯೇ? ಅಂಕ ಎರಡೋ ಮೂರೋ ಬಂದರೆ ನೇರವಾಗಿ ಸಿ.ಟಿ. ಸೊನ್ನೆ ಅಥವಾ ಒಂದು ಬಂದರೆ, ದೇಹದಲ್ಲಿ ಹೆಪ್ಪು ಕರಗುತ್ತಿರುವುದನ್ನು ತೋರಿಸುವ ಡಿ-ಡೈಮರ್ ರಕ್ತಪರೀಕ್ಷೆ. ಅದು ಕಡಿಮೆ ಬಂದರೆ ಸೀಳಿಗಾಗಿ ಸಿ.ಟಿ. ಬೇಡ. ಕೋವಿಡ್ ಕಾಲದಲ್ಲಿ ಈ ಹೆಸರು ಎಲ್ಲರಿಗೂ ಪರಿಚಯವಾಗಿದೆ. 2018ರಲ್ಲಿ ಪ್ರಕಟವಾದ 1850 ರೋಗಿಗಳ ಅಧ್ಯಯನದಲ್ಲಿ, ಅಂಕ ಕಡಿಮೆ ಇದ್ದು ಡಿ-ಡೈಮರ್ ಕೂಡ 500ಕ್ಕಿಂತ ಕಡಿಮೆ ಇದ್ದವರಲ್ಲಿ ರೋಗ ತಪ್ಪಿಹೋದದ್ದು ಸಾವಿರಕ್ಕೆ ಮೂವರಷ್ಟು ಮಾತ್ರ.

ಇದಕ್ಕೂ ಮಿತಿ ಇದೆ. ಸೋಂಕು ಇದ್ದವರಲ್ಲಿ, ಬಸುರಿಯರಲ್ಲಿ, ವಯಸ್ಸಾದವರಲ್ಲಿ ಡಿ-ಡೈಮರ್ ಹೇಗೂ ಏರಿರುತ್ತದೆ. ಎಲ್ಲರಿಗೂ ಕಣ್ಣುಮುಚ್ಚಿ ಮಾಡಿದರೆ ಬೇಡದ ಸ್ಕ್ಯಾನ್‌ಗಳೇ ಜಾಸ್ತಿಯಾಗುತ್ತವೆ.

ನನಗೆ ಸರಿ ಕಾಣುವುದು ಇಷ್ಟು. ಹೃದಯ ಜ್ಯೋತಿಯ ವೇಗ ಕಡಿಮೆ ಮಾಡಬಾರದು. ಆದರೆ ಇಂಜೆಕ್ಷನ್ ಚುಚ್ಚುವ ಮುನ್ನ ಒಂದು ನಿಮಿಷ ನಿಲ್ಲಬೇಕು. ನೋವು ಹೇಗೆ ಶುರುವಾಯಿತೆಂದು ಕೇಳಬೇಕು. ಬಿ.ಪಿ. ಪಟ್ಟಿಯನ್ನು ಒಂದು ತೋಳಿಗೆ ಕಟ್ಟಿ ನೋಡಿ, ಬಿಚ್ಚಿ, ಇನ್ನೊಂದು ತೋಳಿಗೂ ಕಟ್ಟಬೇಕು. ಎರಡರ ನಡುವೆ 20ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಇಂಜೆಕ್ಷನ್ ಕೆಳಗಿಟ್ಟು ತಜ್ಞರಿಗೆ ಮತ್ತೆ ಫೋನ್ ಮಾಡಬೇಕು. ವ್ಯತ್ಯಾಸ ಬರದಿದ್ದರೆ ಸೀಳಿಲ್ಲ ಎಂದೇನೂ ಅರ್ಥವಲ್ಲ. ಆದರೆ ಬಂದರೆ ಅದು ದೊಡ್ಡ ಎಚ್ಚರಿಕೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಬಜೆಟ್ಟೂ ಬೇಡ.

ಮೊದಲು ಹೃದಯವನ್ನು ಸಮಾಧಾನ ಮಾಡಬೇಕು

ಸೀಳು ಎಂದು ಗೊತ್ತಾದ ಕೂಡಲೇ ಮೊದಲ ಕೆಲಸ, ಹೃದಯ ಗೋಡೆಗೆ ಕೊಡುವ ಪೆಟ್ಟನ್ನು ಕಡಿಮೆ ಮಾಡುವುದು. ಪ್ರತಿ ಬಡಿತವೂ ಹರಿದ ಲೈನಿಂಗಿನೊಳಗೆ ಕೈ ತಳ್ಳಿದ ಹಾಗೆ. ಅದಕ್ಕೆ ನಾಡಿಯನ್ನು ನಿಮಿಷಕ್ಕೆ 60ರ ಕೆಳಗೆ, ಮೇಲಿನ ಬಿ.ಪಿ.ಯನ್ನು 100ರಿಂದ 120ರ ನಡುವೆ ತರುತ್ತಾರೆ. ಎಸ್ಮೊಲಾಲ್, ಲ್ಯಾಬೆಟಲಾಲ್‌ನಂಥ ಔಷಧಿಗಳನ್ನು ನರದ ಮೂಲಕ ಕೊಡುತ್ತಾರೆ. ನೋವು ಕೂಡ ಬಿ.ಪಿ. ಏರಿಸುವುದರಿಂದ ಬಲವಾದ ನೋವುನಿವಾರಕ ಚಿಕಿತ್ಸೆಯ ಮುಖ್ಯ ಭಾಗ.

ಇಲ್ಲಿ ಕ್ರಮ ತಪ್ಪಬಾರದು. ರಕ್ತನಾಳ ಹಿಗ್ಗಿಸುವ ಔಷಧಿಯನ್ನು ಮೊದಲೇ ಕೊಟ್ಟರೆ ಬಿ.ಪಿ. ಇಳಿಯುತ್ತದೆ, ಆದರೆ ಅದನ್ನು ಸರಿದೂಗಿಸಲು ಹೃದಯ ಇನ್ನೂ ಜೋರಾಗಿ ಬಡಿಯುತ್ತದೆ, ಸೀಳು ಬೆಳೆಯುತ್ತದೆ. ಮೊದಲು ಬಡಿತ, ಆಮೇಲೆ ಬಿ.ಪಿ. ಇನ್ನು ಬರುವಾಗಲೇ ಬಿ.ಪಿ. ಕುಸಿದಿದ್ದರೆ, ಬಹುಶಃ ಹೃದಯದ ಸುತ್ತ ರಕ್ತ ತುಂಬುತ್ತಿದೆ. ಅವರಿಗೆ ಈ ಲೆಕ್ಕ ಹೊಂದುವುದಿಲ್ಲ, ನೇರ ಆಪರೇಷನ್ನೇ.

ಎ ಮಾದರಿ: ಕತ್ತಿಯ ಕೆಲಸ

ವೈದ್ಯರು ಈ ಕಾಯಿಲೆಯನ್ನು ಎರಡಾಗಿ ನೋಡುತ್ತಾರೆ. ಹೃದಯದಿಂದ ಮೇಲಕ್ಕೇರುವ ಭಾಗದಲ್ಲಿ ಸೀಳಿದ್ದರೆ ಎ ಮಾದರಿ. ಕೆಳಗಿಳಿಯುವ ಭಾಗದಲ್ಲಿ ಮಾತ್ರ ಇದ್ದರೆ ಬಿ. ಹೃದಯಕ್ಕೂ ಮೆದುಳಿಗೂ ಹತ್ತಿರವಿರುವುದರಿಂದ ಎ ಮಾದರಿಗೆ ತಡ ಮಾಡುವಂತಿಲ್ಲ. 2000ದ ಆ ವರದಿಯಲ್ಲಿ ಆಪರೇಷನ್ ಆದ ಎ ಮಾದರಿಯವರಲ್ಲಿ ಶೇ 26ರಷ್ಟು ಜನ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಬರೀ ಔಷಧಿಯಲ್ಲಿದ್ದವರಲ್ಲಿ ಶೇ 58. ಆಪರೇಷನ್ ಆದವರ ಸಾವು ನಂತರದ ವರ್ಷಗಳಲ್ಲಿ ಇನ್ನಷ್ಟು ಇಳಿದಿದೆ.

ಆ ಆಪರೇಷನ್ ಸಾಮಾನ್ಯದ್ದಲ್ಲ. ಎದೆ ತೆರೆದು, ರಕ್ತ ಪಂಪ್ ಮಾಡುವ ಕೆಲಸವನ್ನು ಯಂತ್ರಕ್ಕೆ ವಹಿಸಿ, ದೇಹವನ್ನು ನಿಧಾನಕ್ಕೆ ತಂಪು ಮಾಡುತ್ತಾರೆ. ತಣ್ಣಗಾದ ಅಂಗಗಳಿಗೆ ಆಮ್ಲಜನಕ ಕಡಿಮೆ ಸಾಕು. ಆಮೇಲೆ ದೇಹದ ರಕ್ತ ಸಂಚಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಮೆದುಳಿಗೆ ಮಾತ್ರ ಬೇರೆ ಕೊಳವೆಯಿಂದ ರಕ್ತ ಹೋಗುತ್ತಿರುತ್ತದೆ. ಅಷ್ಟರಲ್ಲಿ ಸೀಳಿದ ಭಾಗ ಕತ್ತರಿಸಿ ತೆಗೆದು, ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಕೊಳವೆ ಹೊಲಿಯಬೇಕು. ಸೀಳಿದ ಗೋಡೆ ನೆನೆದ ಕಾಗದದಷ್ಟು ಮೆತ್ತಗಿರುತ್ತದೆ. ಹೊಲಿಗೆಯ ದಾರವೇ ಅದನ್ನು ಹರಿಯದಂತೆ ಎಚ್ಚರ ಬೇಕು. ಕವಾಟ ಕೆಟ್ಟಿದ್ದರೆ ಅದನ್ನೂ ಬದಲಿಸಬೇಕು.

ಆ ಡೆಕ್ರಾನ್ ಕೊಳವೆಯ ಹಿಂದೆ ಒಂದು ಕತೆ ಇದೆ. 1950ರ ದಶಕದಲ್ಲಿ ಅಮೆರಿಕದ ಸರ್ಜನ್ ಮೈಕೆಲ್ ಡಿಬೇಕಿ ಹೂಸ್ಟನ್ನಿನ ಅಂಗಡಿಯೊಂದಕ್ಕೆ ನೈಲಾನ್ ಬಟ್ಟೆ ಕೊಳ್ಳಲು ಹೋದರು. ನೈಲಾನ್ ಮುಗಿದಿತ್ತು, ಡೆಕ್ರಾನ್ ಇತ್ತು. ಅದನ್ನೇ ತಂದು ಹೆಂಡತಿಯ ಹೊಲಿಗೆ ಮಿಷನ್ನಿನಲ್ಲಿ ಕೊಳವೆ ಹೊಲಿದರು. ಹೊಲಿಗೆ ಅವರಿಗೆ ತಾಯಿ ಕಲಿಸಿದ ವಿದ್ಯೆ. ಸೀಳಿದ ಮಹಾಪಧಮನಿಯನ್ನು ಸರಿಪಡಿಸುವ ದಾರಿ ತೋರಿದವರಲ್ಲಿ ಅವರು ಪ್ರಮುಖರು. 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಮನೆಯಲ್ಲಿ ಒಬ್ಬರೇ ಇದ್ದಾಗ ಅವರಿಗೇ ತೀವ್ರ ಎದೆನೋವು ಬಂತು. ಮೊದಲು ಹಾರ್ಟ್ ಅಟ್ಯಾಕ್ ಎಂದುಕೊಂಡರು. ಆಮೇಲೆ ಮಹಾಪಧಮನಿಯೇ ಸೀಳಿದೆ ಎಂದು ಅರಿತರು. ಮೊದಲಿಗೆ ಆಪರೇಷನ್ ಬೇಡ ಎಂದರು. 2006ರ ಫೆಬ್ರವರಿಯಲ್ಲಿ ಪ್ರಜ್ಞೆ ತಪ್ಪಿದಾಗ ಸಹೋದ್ಯೋಗಿಗಳು ಆಪರೇಷನ್ ಮಾಡಿದರು. ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಬಂದರು. 2008ರ ಜುಲೈವರೆಗೆ ಬದುಕಿದ್ದರು.

ಬಿ ಮಾದರಿ: ಕಾಯುವುದೇ, ಸ್ಟೆಂಟ್ ಹಾಕುವುದೇ?

ಬಿ ಮಾದರಿಯಲ್ಲಿ ಹೆಚ್ಚಿನವರಿಗೆ ಔಷಧಿಯೇ ಮೊದಲ ಚಿಕಿತ್ಸೆ. ಕರುಳು, ಕಿಡ್ನಿ, ಕಾಲಿಗೆ ರಕ್ತ ನಿಂತರೆ, ಅಥವಾ ಒಡೆಯುವ ಸೂಚನೆ ಇದ್ದರೆ, ತೊಡೆಯ ಸಂದಿನ ರಕ್ತನಾಳದಿಂದ ಬಟ್ಟೆ ಹೊದಿಸಿದ ದೊಡ್ಡ ಸ್ಟೆಂಟ್ ಕಳಿಸಿ, ಸೀಳಿನ ಬಾಯಿ ಮುಚ್ಚುತ್ತಾರೆ. ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತಕರಾರು ಇರುವುದು ಬೇರೇನೂ ತೊಂದರೆ ಇಲ್ಲದ ಬಿ ಮಾದರಿಯವರ ಬಗ್ಗೆ. ಯುರೋಪಿನಲ್ಲಿ 140 ಜನರ ಮೇಲೆ ನಡೆದ ಅಧ್ಯಯನ ಎರಡು ವರ್ಷ ಕಳೆದಾಗ, ಸ್ಟೆಂಟ್‌ನಿಂದ ಬದುಕುಳಿಯುವುದರಲ್ಲಿ ಲಾಭವಿಲ್ಲ ಎಂದಿತ್ತು. ಅದೇ ರೋಗಿಗಳನ್ನು ಐದು ವರ್ಷದವರೆಗೆ ನೋಡಿದಾಗ ಚಿತ್ರ ಬದಲಾಯಿತು. ಮಹಾಪಧಮನಿಯ ಕಾರಣದಿಂದ ಸತ್ತವರು ಸ್ಟೆಂಟ್ ಹಾಕಿದವರಲ್ಲಿ ಶೇ 6.9, ಬರೀ ಔಷಧಿಯಲ್ಲಿದ್ದವರಲ್ಲಿ ಶೇ 19.3. ಹಾಗಂತ ಎಲ್ಲರಿಗೂ ಸ್ಟೆಂಟ್ ಹಾಕಿ ಎನ್ನಲೂ ಆಗುವುದಿಲ್ಲ. ಹಾಕುವಾಗಲೇ ಲಕ್ವ, ಕಾಲು ಸ್ವಾಧೀನ ತಪ್ಪುವಂಥ ಅಪಾಯಗಳಿವೆ. ಖರ್ಚೂ ಲಕ್ಷಗಳಲ್ಲಿ. ಅಗಲ ಎಷ್ಟಿದೆ, ಸುಳ್ಳು ದಾರಿ ಎಷ್ಟು ಉಬ್ಬಿದೆ ಎಂದು ನೋಡಿ ಒಬ್ಬೊಬ್ಬರಿಗೆ ಬೇರೆಬೇರೆ ತೀರ್ಮಾನ ಮಾಡುವುದು ಸದ್ಯದ ರೂಢಿ.

ಯಾವ ಮಾದರಿಯಾದರೂ ಮನೆಗೆ ಬಂದ ಮೇಲೆ ಬಿ.ಪಿ. ಮಾತ್ರೆ ಜೀವನಪೂರ್ತಿ. ವರ್ಷಕ್ಕೊಮ್ಮೆಯಾದರೂ ಸ್ಕ್ಯಾನ್. ಸುಳ್ಳು ದಾರಿ ಅನೇಕರಲ್ಲಿ ಹಾಗೇ ಉಳಿದಿರುತ್ತದೆ, ಮುಂದೆ ಉಬ್ಬಬಹುದು.

ದೂರದ ಲೆಕ್ಕ

ಎ ಮಾದರಿಗೆ ಚಿಕಿತ್ಸೆ ಇಲ್ಲದಿದ್ದರೆ ಮೊದಲ ಎರಡು ದಿನ ಗಂಟೆಗೆ ಶೇ 1ರಿಂದ 2ರಷ್ಟು ಜನ ಸಾಯುತ್ತಾರೆ ಎಂಬುದು ಹಳೆಯ ಲೆಕ್ಕ. ಹೊಸ ಲೆಕ್ಕ ಗಂಟೆಗೆ ಶೇ 0.5ರ ಆಸುಪಾಸು ಎನ್ನುತ್ತದೆ. ಯಾವುದನ್ನು ಹಿಡಿದರೂ ರಸ್ತೆಯಲ್ಲಿ ಕಳೆಯುವ ಪ್ರತಿ ಗಂಟೆಗೂ ಬೆಲೆ ಇದೆ. ಇಂಥ ಆಪರೇಷನ್ ಮಾಡುವ ತಂಡ ಎಲ್ಲ ಜಿಲ್ಲೆಗಳಲ್ಲಿಲ್ಲ. ಕಾರವಾರದಿಂದ ಬೆಂಗಳೂರಿಗೆ 500 ಕಿಲೋಮೀಟರಿಗಿಂತ ಜಾಸ್ತಿ, ನಡುವೆ ಘಟ್ಟ. ಉತ್ತರ ಕನ್ನಡದ ಜನ ತಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ವರ್ಷಗಳಿಂದ ಕೇಳುತ್ತಿರುವುದು ಸುಮ್ನೆ ಅಲ್ಲ.

ಹಾಗಂತ ಜಿಲ್ಲೆಗೊಂದು ಮಹಾಪಧಮನಿ ಆಪರೇಷನ್ ಘಟಕ ತೆರೆದರೂ ಪರಿಹಾರವಾಗದು. ವರ್ಷಕ್ಕೆ ಒಂದೆರಡು ಆಪರೇಷನ್ ಮಾಡುವ ಕಡೆಗಿಂತ ಜಾಸ್ತಿ ಮಾಡುವ ಕಡೆ ಜನ ಬದುಕುವುದು ಹೆಚ್ಚು. ಕೈ ಪಳಗಬೇಕಲ್ಲ. ಹಾಗಾಗಿ ದೊಡ್ಡ ಕೇಂದ್ರಗಳು ಕೆಲವೇ ಇರಲಿ, ಅಲ್ಲಿಗೆ ತಲುಪುವ ದಾರಿ ಚುರುಕಾಗಲಿ ಎಂಬ ವಾದ ನನಗೆ ಒಪ್ಪಿಗೆ. ಜಿಲ್ಲಾ ಆಸ್ಪತ್ರೆಯ ಸಿ.ಟಿ. ಚಿತ್ರ ಕೂಡಲೇ ಸರ್ಜನ್ನಿನ ಮೊಬೈಲಿಗೆ ಹೋಗಬೇಕು. ಆಂಬುಲೆನ್ಸ್ ಹೊರಡುವ ಮೊದಲೇ ನಾಡಿ ಇಳಿಸುವ ಔಷಧಿ ಶುರುವಾಗಬೇಕು. ರೋಗಿ ದಾರಿಯಲ್ಲಿರುವಾಗಲೇ ಆಪರೇಷನ್ ಕೊಠಡಿ ಸಿದ್ಧವಾಗಬೇಕು. ಇಸಿಜಿಗೆ ಕಟ್ಟಿರುವ ಜಾಲಕ್ಕೆ ಇದನ್ನೂ ಸೇರಿಸಲು ಸಾಧ್ಯವಿದೆ.

ಯಾರು ಎಚ್ಚರವಾಗಿರಬೇಕು?

ಎಲ್ಲಕ್ಕಿಂತ ದೊಡ್ಡ ಕಾರಣ ಬಿ.ಪಿ. ಕರ್ನಾಟಕದಲ್ಲಿ 15 ವರ್ಷ ಮೀರಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಿ.ಪಿ. ಜಾಸ್ತಿ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. 'ನಾರ್ಮಲ್ ಬಂತು, ಮಾತ್ರೆ ಬಿಟ್ಟೆ' ಎನ್ನುವುದು ನಮ್ಮಲ್ಲಿ ದಿನಾ ಕೇಳುವ ಮಾತು. ನಾರ್ಮಲ್ ಬಂದದ್ದೇ ಮಾತ್ರೆಯಿಂದ.

ಇನ್ನು ಕೆಲವರಿಗೆ ಹುಟ್ಟಿನಿಂದಲೇ ಗೋಡೆ ದುರ್ಬಲ. ಮಾರ್ಫನ್ ಸಿಂಡ್ರೋಮ್ ಇರುವವರು ಎತ್ತರ, ತೆಳ್ಳಗೆ, ಕೈಬೆರಳು ಉದ್ದುದ್ದ. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ಸತ್ತಿದ್ದು ಇದರಿಂದಲೇ. ಹೃದಯದ ಮೂರು ಎಸಳಿನ ಕವಾಟಕ್ಕೆ ಎರಡೇ ಎಸಳು ಇರುವವರೂ ಆಗಾಗ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಬೇಕು. ಈ ತೊಂದರೆ ಇರುವ ಹೆಣ್ಣುಮಕ್ಕಳಿಗೆ ಬಸುರಿನ ಕೊನೆಯ ತಿಂಗಳುಗಳು, ಬಾಣಂತನದ ಮೊದಲ ವಾರಗಳು ನಾಜೂಕಿನ ಕಾಲ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್‌ಗಳನ್ನು ಇಂಥವರಿಗೆ ಬೇರೆ ದಾರಿ ಇದ್ದಾಗ ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ನಮ್ಮಲ್ಲಿ ಇವು ಭೇದಿಗೆ, ಉರಿಮೂತ್ರಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಕ್ಕಿಬಿಡುತ್ತವೆ.

ಮಹಾಪಧಮನಿ ಉಬ್ಬಿದವರಿಗೆ ಸೀಳುವ ಮೊದಲೇ ಆಪರೇಷನ್ ಮಾಡಬಹುದು. ಎಷ್ಟು ಅಗಲವಾದಾಗ ಎನ್ನುವುದರಲ್ಲಿ ಚರ್ಚೆ ಇದೆ. ಬಹಳ ಕಾಲ 5.5 ಸೆಂಟಿಮೀಟರ್ ಗಡಿಯಾಗಿತ್ತು. ಆದರೆ ಸೀಳಿದ ಮೇಲೆ ಬಂದವರನ್ನು ಅಳೆದಾಗ ಅರ್ಧಕ್ಕಿಂತ ಜಾಸ್ತಿ ಜನರದ್ದು ಅದಕ್ಕಿಂತ ಕಡಿಮೆ ಇತ್ತು. 2022ರ ಅಮೆರಿಕದ ಮಾರ್ಗಸೂಚಿ ಪಳಗಿದ ಕೇಂದ್ರಗಳಲ್ಲಿ 5 ಸೆಂಟಿಮೀಟರಿಗೇ ಯೋಚಿಸಬಹುದು ಎಂದಿತು. ಗಡಿ ಇಳಿಸಿದರೆ ಬೇಡದ ಆಪರೇಷನ್ ಹೆಚ್ಚುತ್ತದೆ, ಏರಿಸಿದರೆ ಕೆಲವರನ್ನು ಕಳೆದುಕೊಳ್ಳುತ್ತೇವೆ. ಮನೆತನದಲ್ಲಿ ಹಠಾತ್ ಸಾವು ಆಗಿದೆಯೇ ಎಂಬ ಪ್ರಶ್ನೆ ಇಲ್ಲಿ ಸೆಂಟಿಮೀಟರಿನಷ್ಟೇ ಮುಖ್ಯ.

ಮತ್ತೆ ಮರಣೋತ್ತರ ಪರೀಕ್ಷೆಯ ಆದೇಶಕ್ಕೆ

ಮನೆತನದ ಹಠಾತ್ ಸಾವು ಯಾವುದರಿಂದ ಆಯಿತು ಎಂಬುದಕ್ಕೆ ಉತ್ತರ ಸಿಗುವುದು ಮರಣೋತ್ತರ ಪರೀಕ್ಷೆಯಿಂದ. 1760ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ಎರಡನೇ ಜಾರ್ಜ್ ದೊರೆ ಬೆಳಗ್ಗೆ ಶೌಚಕ್ಕೆ ಹೋದಲ್ಲೇ ಬಿದ್ದು ಸತ್ತ. ವೈದ್ಯ ಫ್ರಾಂಕ್ ನಿಕೋಲ್ಸ್ ದೇಹ ತೆರೆದು ನೋಡಿದಾಗ ಹೃದಯದ ಚೀಲದ ತುಂಬ ಹೆಪ್ಪುಗಟ್ಟಿದ ರಕ್ತ, ಮಹಾಪಧಮನಿಯ ಒಳಗೆ ಅಡ್ಡಸೀಳು. ಈ ಕಾಯಿಲೆಯ ಚೆನ್ನಾಗಿ ದಾಖಲಾದ ಮೊದಲ ಪ್ರಕರಣಗಳಲ್ಲಿ ಅದೂ ಒಂದು.

ದುಃಖದಲ್ಲಿರುವ ಮನೆಯವರಿಗೆ ಕೊಯ್ಯುವ ಮಾತು ಕೇಳಲೂ ಕಷ್ಟ. ಹೊತ್ತಿಗೆ ಸರಿಯಾಗಿ ಸಂಸ್ಕಾರ ಮಾಡಬೇಕು, ನೆಂಟರು ಕಾಯುತ್ತಿರುತ್ತಾರೆ. ಆ ಸಂಕಟವನ್ನು ಹಗುರ ಮಾಡಬಾರದು. ದೆಹಲಿಯ ಏಮ್ಸ್ 2021ರಿಂದ ಸಿ.ಟಿ. ಸ್ಕ್ಯಾನ್ ಮೂಲಕ, ಕತ್ತಿ ಸೋಕಿಸದೆ ಪರೀಕ್ಷಿಸುವ ವ್ಯವಸ್ಥೆ ಶುರುಮಾಡಿದೆ. ಹೃದಯದ ಚೀಲದಲ್ಲಿ ರಕ್ತ ತುಂಬಿದ್ದರೆ ಸಾಮಾನ್ಯವಾಗಿ ಅದರಲ್ಲೂ ಕಾಣುತ್ತದೆ. ನಮ್ಮ ರಾಜ್ಯವೂ ಆ ದಾರಿ ನೋಡಬಹುದು. ಆದೇಶ ಹೊರಟರಷ್ಟೇ ಸಾಲದು. ತಾಲ್ಲೂಕಿನ ಶವಾಗಾರದಲ್ಲಿ ಅದೇ ದಿನ ಪರೀಕ್ಷೆ ಮುಗಿಸಿಕೊಡುವ ಸಿಬ್ಬಂದಿ ಬೇಕು, ಸಿಕ್ಕ ಉತ್ತರವನ್ನು ಮನೆಯವರಿಗೆ ಕೂತು ವಿವರಿಸುವವರೂ ಬೇಕು.

ಯಾಕೆಂದರೆ ಉತ್ತರ ಬೇಕಿರುವುದು ಉಳಿದವರಿಗೆ. ಹಾರ್ಟ್ ಅಟ್ಯಾಕ್ ಎಂದು ಬರೆದರೆ ಮಕ್ಕಳು ಕೊಲೆಸ್ಟ್ರಾಲ್ ನೋಡಿಸಿಕೊಳ್ಳುತ್ತಾರೆ, ಆಮೇಲೆ ಮರೆಯುತ್ತಾರೆ. ಮಹಾಪಧಮನಿಯ ಸೀಳು ಎಂದು ಗೊತ್ತಾದರೆ ಒಡಹುಟ್ಟಿದವರು, ಮಕ್ಕಳು ಎಲ್ಲರೂ ಒಂದು ಎಕೋ ಮಾಡಿಸಬೇಕು. ಜಾನ್ ರಿಟರ್ ಸತ್ತ ಕಾರಣ ತಿಳಿದ ಮೇಲೆ ಅವರ ಅಣ್ಣನೂ ಪರೀಕ್ಷೆ ಮಾಡಿಸಿಕೊಂಡರು. ಅವರ ಮಹಾಪಧಮನಿಯೂ ಉಬ್ಬಿತ್ತು. ಸೀಳುವ ಮೊದಲೇ ಆಪರೇಷನ್ ಆಯಿತು.